ಕಲ್ಲಿನ ಕೈಗೆ ಬಳೆ

ಸ್ಪಂದನಾ ತೀರಿಹೋಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅವಳ ಮಾವ ಧರ್ಮಪ್ಪ ಸಾಗರದ ಮನೆಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡು, ಕುರ್ಚಿಯ ತುದಿಯಲ್ಲಿ ಕೂತರು. ಸ್ಪಂದನಾಳ ತಾಯಿ ತುಂಗಮ್ಮ ಬೆಲ್ಲ ನೀರು ತಂದಿಟ್ಟರು. ಅಕ್ಕ ಯಶಸ್ವಿನಿ ಒಳಕೋಣೆಯಲ್ಲಿ ಮಕ್ಕಳ ಡ್ರಾಯಿಂಗ್ ಹಾಳೆಗಳನ್ನು ತಿದ್ದುತ್ತಿದ್ದವಳು ಎದ್ದು ಬಂದು ಬಾಗಿಲಲ್ಲಿ ನಿಂತಳು. ಅವಳು ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕಿ. ಅಪ್ಪ ಹೋದಮೇಲೆ ತೀರ್ಥಹಳ್ಳಿಯಿಂದ ಅಮ್ಮನನ್ನು ತನ್ನ ಜೊತೆಗೇ ಕರೆದುಕೊಂಡು ಬಂದಿದ್ದಳು.

"ಒಂದು ಕಲ್ಲು ನಿಲ್ಸಣ ಅಂತ ಮಾಡಿದೀವಿ," ಎಂದರು ಧರ್ಮಪ್ಪ. "ಹಿನ್ನೀರಿನ ದಂಡೆ ಮೇಲೆ, ನಮ್ದೇ ಜಾಗ್ದಲ್ಲಿ. ಮಾಸ್ತಿಕಲ್ಲು. ಗಂಡ ಹೋದ ದಾರೀಲೇ ಹೋದವಳು ಅವಳು. ಈ ಕಾಲ್ದಲ್ಲಿ ಯಾರು ಹಂಗೆ ಹೋಗ್ತಾರೆ ಹೇಳಿ ತುಂಗಮ್ಮ? ನಮ್ಮ ಮನೆತನಕ್ಕೂ ನಿಮ್ಮ ಮನೆತನಕ್ಕೂ ಹೆಸರು ತಂದುಕೊಟ್ಟು ಹೋದ್ಲು."

ತುಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಯಶಸ್ವಿನಿ ಡ್ರಾಯಿಂಗ್ ಟೀಚರ್ ಅಲ್ದಾ? ತಂಗಿ ಮುಖ ಅವಳೇ ಬರ್ಕೊಟ್ರೆ ಚೆನ್ನಾಗಿರ್ತದೆ ಅಂತ ನಮ್ಮನೆಯವ್ರು ಹೇಳಿದ್ರು. ಫೋಟೊ ನೋಡಿ ಕೆತ್ತಿದ್ರೆ ಯಾರದೋ ಮುಖ ಆಗ್ತದೆ."

"ಅವಳು ಯಾರ ಹಿಂದೇನೂ ಹೋಗ್ಲಿಲ್ಲ ಮಾವ," ಎಂದಳು ಯಶಸ್ವಿನಿ. "ಇಲ್ಲಿಗೆ ಬರೋಳಿದ್ಲು."

ಧರ್ಮಪ್ಪ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು. "ಹಂಗಂತ ನಿನಗೆ ಹೇಳಿದ್ದಿರಬಹುದು ಮಗಾ. ಅವಳ ಮನಸ್ಸಲ್ಲಿ ಎಂತ ಇತ್ತು ಅಂತ ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ."

ಯಶಸ್ವಿನಿಗೆ ಗೊತ್ತಿತ್ತು. ತಂಗಿಯ ಗಂಡ ಸುರೇಂದ್ರ ಹುಲಿಕಲ್ ಘಾಟಿಯ ತಿರುವಿನಲ್ಲಿ ಬೈಕಿನ ಮೇಲೆ ಲಾರಿ ಹಾಯ್ದು ಸತ್ತಿದ್ದ. ಒಳ್ಳೆಯ ಹುಡುಗನೇ. ಸ್ಪಂದನಾ ಅವನಿಗಾಗಿ ಅತ್ತಳು, ಊಟ ಬಿಟ್ಟಳು, ಎಲ್ಲ ನಿಜ. ಹನ್ನೊಂದನೆಯ ದಿನ ಮನೆಯ ಹಿರಿಯ ಹೆಂಗಸರು ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಳೆ ಒಡೆದರು. ಒಂದು ಚೂರು ಚುಚ್ಚಿ ಮಣಿಕಟ್ಟಿನಲ್ಲಿ ರಕ್ತ ಬಂತು. ಆ ಬರಿಗೈಯನ್ನು ನೋಡಲಾರದೆ ಯಶಸ್ವಿನಿ ತನ್ನ ವಾಚನ್ನೇ ಬಿಚ್ಚಿ ತಂಗಿಗೆ ಕಟ್ಟಿ ಬಂದಿದ್ದಳು. ಆಮೇಲೆ ತಿಂಗಳುಗಳು ಕಳೆದವು. ಮಕ್ಕಳಿರಲಿಲ್ಲ. ಹಬ್ಬಕ್ಕೆ ಮುಂದೆ ಬರಬಾರದು, ಅಂಗಳದಲ್ಲಿ ಜನ ಇದ್ದಾಗ ಹೊರಗೆ ಬರಬಾರದು, ಫೋನಿನಲ್ಲಿ ಮಾತಾಡಿದರೆ ಯಾರ ಜೊತೆ ಎಂಬ ಪ್ರಶ್ನೆ. ಸ್ಪಂದನಾ ಮದುವೆಗೆ ಮುಂಚೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿದ್ದಳು. ಯಶಸ್ವಿನಿ ಸಾಗರದಲ್ಲಿ ವಿಚಾರಿಸಿ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಗೊತ್ತುಮಾಡಿದಳು. ಸೋಮವಾರ ಸೇರಬೇಕಿತ್ತು. ಅದರ ಹಿಂದಿನ ಶುಕ್ರವಾರ ಸಂಜೆ ತಂಗಿಯ ಫೋನು ಬಂತು.

"ಅಕ್ಕ, ನಾಳೆ ಬೆಳಿಗ್ಗೆನೇ ಹೊರಡ್ತೀನಿ. ಇಲ್ಲಿ ಹೇಳಿಲ್ಲ, ಹೇಳಿದ್ರೆ ಬಿಡಲ್ಲ. ನಿನ್ನ ಹಳೇ ಚೂಡಿದಾರ ಒಂದೆರಡು ತೆಗೆದಿಡು, ಇಲ್ಲಿಂದ ಜಾಸ್ತಿ ತರಕ್ಕಾಗಲ್ಲ."

ಯಶಸ್ವಿನಿ ಬಟ್ಟೆ ಒಗೆದು, ಇಸ್ತ್ರಿ ಹಾಕಿ ಇಟ್ಟಳು. ಶನಿವಾರ ಸಂಜೆ ಬಂದದ್ದು ಇನ್ನೊಂದು ಫೋನು. ಸುರೇಂದ್ರನ ತಮ್ಮನ ಹೆಂಡತಿ ಶ್ರೀಗೌರಿ ಮಾತಾಡಿದಳು. ಸ್ಪಂದನಕ್ಕ ಹಿನ್ನೀರಿನಲ್ಲಿ ಸಿಕ್ಕಿದ್ರು ಎಂದಳು, ಮುಂದಿನದು ಹೇಳಲಾಗದೆ ಫೋನನ್ನು ಬೇರೆ ಯಾರಿಗೋ ಕೊಟ್ಟಳು. ಗಂಡ ಸತ್ತ ದುಃಖದಲ್ಲಿ ನೀರಿಗೆ ಹಾರಿದ್ದಾಳೆ ಎಂದು ಮನೆಯವರೆಲ್ಲ ಹೇಳಿಕೆ ಕೊಟ್ಟರು. ಕೇಸು ಮುಗಿಯಿತು.

"ನಾನು ಬರ್ಕೊಡಲ್ಲ," ಎಂದಳು ಯಶಸ್ವಿನಿ.

"ಬೇಡ ಬಿಡು," ಎಂದು ಧರ್ಮಪ್ಪ ಎದ್ದರು. ಸಿಟ್ಟು ಮಾಡಿಕೊಳ್ಳಲಿಲ್ಲ. ಹೊರಗೆ ಚಪ್ಪಲಿ ಮೆಟ್ಟುತ್ತ, "ಮುಖ ಬೇಕು ಅಂತೇನಿಲ್ಲ. ಹಳೇ ಕಲ್ಲುಗಳಲ್ಲಿ ಕೈ ಒಂದೇ ಇರ್ತದಲ್ಲ. ಅಷ್ಟು ಸಾಕು," ಎಂದರು.

ಅವರು ಹೋದಮೇಲೆ ತುಂಗಮ್ಮ ಲೋಟ ಎತ್ತಿಕೊಂಡರು. "ಮುಖ ಬರ್ಕೊಡ್ಬಹುದಿತ್ತು ಕಣೆ," ಎಂದರು.

ಯಶಸ್ವಿನಿ ರಜೆ ಹಾಕಿ ಬಸ್ಸು ಹತ್ತಿದಳು. ಹೊಸನಗರದಲ್ಲಿ ಬಸ್ಸು ಬದಲಿಸಿ, ಬಿದನೂರು ನಗರ ದಾಟಿ, ಮಾಸ್ತಿಕಟ್ಟೆಯಲ್ಲಿ ಇಳಿದು ಆಟೊ ಹಿಡಿದಳು. ಆ ಊರಿನ ಹೆಸರಿನಲ್ಲೇ ಮಾಸ್ತಿ ಇದೆಯೆಂಬುದನ್ನು ಎಷ್ಟೋ ಸಲ ಓಡಾಡಿದ್ದರೂ ಅವಳು ಯೋಚಿಸಿರಲಿಲ್ಲ. ತಂಗಿಯ ಮನೆ ಇದ್ದದ್ದು ಅಲ್ಲಿಂದ ಒಳಗೆ, ಹಿನ್ನೀರಿನ ಪಕ್ಕದ ಹಳ್ಳಿಯಲ್ಲಿ. ಧರ್ಮಪ್ಪ ಊರಲ್ಲಿರಲಿಲ್ಲ. ಅತ್ತೆ ಒಳಗೆ ಮಲಗಿದ್ದರು. ಶ್ರೀಗೌರಿ ಬಾವಿಕಟ್ಟೆಯ ಹತ್ತಿರ ಪಾತ್ರೆ ಉಜ್ಜುತ್ತಿದ್ದವಳು ಇವಳನ್ನು ಕಂಡು ಎದ್ದು ನಿಂತಳು. ಮದುವೆಯಾಗಿ ವರ್ಷವಾಗಿತ್ತು ಅಷ್ಟೆ, ಇನ್ನೂ ಹುಡುಗಿಯಂತಿದ್ದಳು.

"ಹಾರಿದ್ದನ್ನ ಯಾರಾದ್ರೂ ನೋಡಿದ್ರಾ ಶ್ರೀಗೌರಿ?"

ಅವಳು ಮನೆಯ ಕಡೆ ಒಮ್ಮೆ ತಿರುಗಿ ನೋಡಿದಳು. "ದೋಣಿ ದುಗ್ಗಪ್ಪನ್ನ ಕೇಳಿ ಅಕ್ಕ. ನಾನು ಹೇಳ್ದೆ ಅಂತ ಹೇಳ್ಬೇಡಿ," ಎಂದು ಮತ್ತೆ ಕೂತು ಪಾತ್ರೆ ಉಜ್ಜತೊಡಗಿದಳು.

ದುಗ್ಗಪ್ಪ ಹಿನ್ನೀರಿನಲ್ಲಿ ಮೀನು ಹಿಡಿಯುವವನು. ದಂಡೆಯ ಮೇಲೆ ಶೀಟು ಹೊದಿಸಿದ ಮನೆ. ಬಲೆ ಬಿಡಿಸುತ್ತ ಕೂತಿದ್ದವನಿಗೆ ಯಶಸ್ವಿನಿ ತಾನು ಯಾರೆಂದು ಹೇಳಬೇಕಾಗಲಿಲ್ಲ.

"ಅವರ ಮುಖನೇ ನಿಮ್ದು," ಎಂದ. ಯಶಸ್ವಿನಿ ಪಕ್ಕದ ಕಲ್ಲಿನ ಮೇಲೆ ಕೂತಳು. ಅವಳು ಕೇಳುವ ಮೊದಲೇ ಅವನು ಶುರುಮಾಡಿದ.

"ಬೆಳಿಗ್ಗೆ ಮಂಜು ಇತ್ತು ಟೀಚ್ರೆ. ಬ್ಯಾಗು ಹಿಡ್ಕಂಡು ಬಂದ್ರು. ದುಗ್ಗಣ್ಣ, ಆಚೆ ದಡಕ್ಕೆ ಬಿಡು, ಅಲ್ಲಿಂದ ಬಸ್ಸು ಹತ್ತೀನಿ ಅಂದ್ರು. ಊರೊಳಗೆ ಹೋದ್ರೆ ಎಲ್ಲ ನೋಡ್ತಾರೆ ಅಂತ. ದೋಣೀಲಿ ಜನ ಹತ್ತಿಸ್ಬಾರ್ದು ಅಂತ ನಮಗೆ ಹೇಳಿದಾರೆ. ಆದ್ರೂ ಹತ್ತಿಸ್ಕಂಡೆ. ಖುಷಿಯಾಗೇ ಇದ್ರು. ನನ್ನ ಮಗಳು ಎಂತ ಓದ್ತಿದಾಳೆ ಅಂತೆಲ್ಲ ಕೇಳಿದ್ರು. ಲ್ಯಾಬು ಓದ್ಸು, ಕೆಲಸ ಸಿಗ್ತದೆ ಅಂದ್ರು."

"ಆಮೇಲೆ?"

"ಡ್ಯಾಮಿಗೆ ಮುಳುಗಿದ್ದ ಮರದ ಬೊಡ್ಡೆಗಳು ಇದಾವಲ್ಲ, ನೀರು ಇಳಿದಾಗ ಮೇಲೆನೇ ಇರ್ತಾವೆ. ಮಂಜಲ್ಲಿ ಕಾಣ್ಲಿಲ್ಲ. ತಾಗ್ತು, ದೋಣಿ ಮಗುಚ್ತು. ನಾನು ಬೊಡ್ಡೆ ಹಿಡ್ಕಂಡೆ. ಅವರ ಕೈ ಮೇಲೆ ಬಂತು. ಮತ್ತೊಂದ್ಸಲ ಬಂತು. ದುಗ್ಗಣ್ಣ ಅಂತ ಕೂಗಿದ್ರು. ಬಳೆ ಇರ್ಲಿಲ್ಲ, ವಾಚು ಕಟ್ಟಿದ್ರು. ಹತ್ತಿರ ಹೋಗೋದ್ರೊಳಗೆ ಇಲ್ಲ."

ಅವನು ಬಲೆಯ ಗಂಟನ್ನು ಬಿಡಿಸಲು ನೋಡಿದ. ಆಗದೆ ಬಲೆಯನ್ನು ಪಕ್ಕಕ್ಕಿಟ್ಟ.

"ಪೊಲೀಸ್ರಿಗೆ ಯಾಕೆ ಹೇಳ್ಲಿಲ್ಲ?"

"ಧರ್ಮಪ್ಪಯ್ಯನಿಗೆ ಮೊದ್ಲು ಹೇಳ್ದೆ. ಓಡಿಹೋಗಿ ಹೇಳ್ದೆ. ಅವ್ರು ಸುಮ್ನೆ ನಿಂತಿದ್ರು, ಆಮೇಲೆ ಅಂದ್ರು, ನೀನು ಹೆಣ ನೋಡ್ದೆ, ದಡಕ್ಕೆ ತಂದೆ, ಅಷ್ಟೆ ನಿನ್ನ ಮಾತು ಅಂತ. ಈ ಮನೆ ಅವರ ಜಾಗ್ದಲ್ಲಿದೆ ಟೀಚ್ರೆ. ದೋಣಿ ನಂದು, ಮುಳುಗ್ಸಿದ್ದೂ ನಾನೇ ಅಂತ ಆಗ್ತಿತ್ತು."

ಅಂದರೆ ಧರ್ಮಪ್ಪನವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಸೊಸೆ ಮನೆ ಬಿಟ್ಟು ಹೊರಟಿದ್ದಳು, ಬದುಕುವುದಕ್ಕೆ ಹೊರಟಿದ್ದಳು. ಅದು ಮನೆತನಕ್ಕೆ ಅವಮಾನ. ಗಂಡನ ಹಿಂದೆ ಹೋದಳು ಎಂದರೆ ಹೆಸರು. ಅವರು ಸುಮ್ಮನೆ ನಿಂತಿದ್ದಷ್ಟು ಹೊತ್ತಿನಲ್ಲಿ ಇದನ್ನೆಲ್ಲ ತೂಗಿ ನೋಡಿದ್ದರು.

ಕಲ್ಲು ಕೆತ್ತುತ್ತಿದ್ದವನು ಸಾಗರದ ಹೊರಗೆ ಜೋಗದ ರಸ್ತೆಯ ನಾಗರಾಜಪ್ಪ. ಯಶಸ್ವಿನಿಗೆ ಪರಿಚಯದವನೇ. ಮಕ್ಕಳನ್ನು ಒಮ್ಮೆ ಅವನ ಶೆಡ್ಡಿಗೆ ಕರೆದುಕೊಂಡು ಹೋಗಿದ್ದಳು. ನಾಗರಕಲ್ಲು, ತುಳಸಿಕಟ್ಟೆ, ಅಂಗಡಿಯ ಮೆಟ್ಟಿಲು, ಏನು ಹೇಳಿದರೂ ಮಾಡುತ್ತಿದ್ದ. ಅವಳು ಹೋದಾಗ ಕಲ್ಲು ಮರದ ದಿಮ್ಮಿಗಳ ಮೇಲೆ ಮಲಗಿತ್ತು. ಮೇಲೆ ಸೂರ್ಯ, ಪಕ್ಕದಲ್ಲಿ ಚಂದ್ರ. ನಡುವೆ ಒಂದು ಕಂಬ, ಕಂಬದಿಂದ ಹೊರಟ ಒಂದು ಕೈ. ಮೊಣಕೈಯಲ್ಲಿ ಮಡಿಸಿ ಮೇಲಕ್ಕೆ ಎತ್ತಿದ್ದು, ಬೆರಳುಗಳ ನಡುವೆ ನಿಂಬೆಹಣ್ಣು. ಮಣಿಕಟ್ಟಿನಿಂದ ಮೊಣಕೈಯ ಹತ್ತಿರದವರೆಗೆ ಒತ್ತೊತ್ತಾಗಿ ಬಳೆ.

ಕೆಲಸ ಚೆನ್ನಾಗಿತ್ತು. ಅವಳಿಗೆ ಅದೇ ಹೆಚ್ಚು ಕಷ್ಟವಾಯಿತು. ಕೆಳದಿಯ ಕಡೆ, ಬಿದನೂರಿನ ಕಡೆ ಇಂಥ ಹಳೆಯ ಕಲ್ಲುಗಳನ್ನು ಅವಳು ಮಕ್ಕಳಿಗೆ ತೋರಿಸಿ ಪಾಠ ಹೇಳಿದವಳು. ಒಡೆಯದ ಬಳೆ ಎಂದರೆ ಮುತ್ತೈದೆಯಾಗಿಯೇ ಸತ್ತಳು ಎಂದು ಅರ್ಥ. ಸೂರ್ಯಚಂದ್ರ ಎಂದರೆ ಅವರಿರುವ ತನಕ ಅವಳ ಹೆಸರು ಇರುತ್ತದೆ ಎಂದು. ಎತ್ತಿದ ಕೈ ಎಂದರೆ ಹರಸುವ ಕೈ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಈಗ ಆ ಕೈಯನ್ನು ನೋಡಿದರೆ ಕಂಬ ಕಾಣಲಿಲ್ಲ. ಮಂಜು, ನೀರು, ದುಗ್ಗಣ್ಣ ಎಂಬ ಕೂಗು. ಹಳೆಯ ಕಲ್ಲುಗಳ ಹೆಂಗಸರೂ ಯಾರನ್ನಾದರೂ ಕೂಗಿದ್ದರೋ ಏನೋ. ಅದನ್ನು ಅವಳು ಯಾವತ್ತೂ ಕೇಳಿಕೊಂಡಿರಲಿಲ್ಲ.

"ಈ ಬಳೆ ತೆಗೀಬಹುದಾ ನಾಗರಾಜಪ್ಪ?"

ನಾಗರಾಜಪ್ಪ ಮುಖದ ಮೇಲಿನ ಧೂಳು ಒರೆಸಿಕೊಂಡ. "ಬಳೆ ಇಲ್ದೆ ಮಾಸ್ತಿ ಹೆಂಗಾಗ್ತದೆ ಟೀಚರ್? ನಮಗೆ ಹೇಳಿಕೊಡೋರೇ ನೀವು."

"ನನ್ನ ತಂಗಿ ಕೈಯಲ್ಲಿ ಬಳೆ ಇರ್ಲಿಲ್ಲ. ಈ ಕಲ್ಲು ಮಾಡ್ಸೋರೇ ಒಡೆದಿದ್ರು. ವಾಚು ಇತ್ತು. ನೀರಲ್ಲಿ ಮುಳುಗುವಾಗ ಕೈ ಎತ್ತಿದ್ಲು."

ಅವನು ಕಲ್ಲನ್ನು ನೋಡಿದ, ಅವಳನ್ನು ನೋಡಿದ. "ವಾಚು ಕೆತ್ತಿದ್ರೆ ಯಾರು ಕೈಮುಗೀತಾರೆ?"

"ಕೈಮುಗೀಬಾರ್ದು ಅಂತಾನೇ ಹೇಳ್ತಿದೀನಿ."

"ನಿಮ್ಮ ಸಂಕಟ ಗೊತ್ತಾಗ್ತದೆ," ಎಂದ ನಾಗರಾಜಪ್ಪ. "ಆದ್ರೆ ನಾನು ಬಿಟ್ರೆ ಇನ್ನೊಬ್ರು ಮಾಡ್ತಾರೆ. ಅವ್ರು ಇನ್ನೂ ಕೆಟ್ಟದಾಗಿ ಮಾಡ್ತಾರೆ." ಹುಡುಗಾಟಕ್ಕೆ ಹೇಳಿದ್ದಲ್ಲ. ಅವಳಿಗೆ ಟೀ ತರಿಸಿದ. ಅವಳು ಕುಡಿಯದೆ ಬಂದಳು.

ಸತಿ ಹೋದದ್ದನ್ನು ವೈಭವೀಕರಿಸಬಾರದೆಂದು ಕಾನೂನಿದೆ ಎಂಬುದು ಅವಳಿಗೆ ಗೊತ್ತಿತ್ತು. ಅರ್ಜಿ ಬರೆದು ಸಂಬಂಧಪಟ್ಟ ಕಚೇರಿಗೆ ಕೊಟ್ಟಳು. ಅಲೆದಳು. ಕೊನೆಗೊಂದು ದಿನ ಅಧಿಕಾರಿಯೊಬ್ಬರು ಜೀಪಿನಲ್ಲಿ ಸ್ಥಳಕ್ಕೆ ಬಂದರು. ಯಶಸ್ವಿನಿಯೂ ಹೋದಳು. ಧರ್ಮಪ್ಪ ಅಧಿಕಾರಿಗೆ ನೆರಳಿನಲ್ಲಿ ಕುರ್ಚಿ ಹಾಕಿಸಿ, ಎಳನೀರು ಕೊಡಿಸಿದರು. ಅವಳಿಗೂ ಕೊಡಿಸಿದರು. ದಂಡೆಯ ಮೇಲೆ ಅಷ್ಟರಲ್ಲಿ ಸಿಮೆಂಟಿನ ಕಟ್ಟೆ ಎದ್ದಿತ್ತು.

ಅಧಿಕಾರಿ ಸಭ್ಯ ಮನುಷ್ಯ. "ಕಾನೂನಿನ ಪ್ರಕಾರ ಸತಿ ಅಂದ್ರೆ ಗಂಡನ ಶವದ ಜೊತೆ ಸುಡೋದು, ಇಲ್ಲ ಜೀವಂತ ಹೂಳೋದು ಮೇಡಂ. ಇದು ನೀರು," ಎಂದರು.

"ಅವಳು ಸಾಯಕ್ಕೇ ಹೋಗಿರ್ಲಿಲ್ಲ ಸರ್. ದೋಣಿ ಮಗುಚಿದ್ದು. ದೋಣಿಯವನೇ ಇದಾನೆ, ಕೇಳಿ."

ದುಗ್ಗಪ್ಪನನ್ನು ಕರೆಸಿದರು. ಅವನು ಟವೆಲ್ಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತ. ಧರ್ಮಪ್ಪ ಅವನನ್ನು ನೋಡಲೂ ಇಲ್ಲ, ಹಿನ್ನೀರಿನ ಕಡೆ ನೋಡುತ್ತಿದ್ದರು.

"ಎಂತ ನೋಡ್ದೆ ನೀನು?"

"ಹೆಣ ನೋಡ್ದೆ ಸಾಮಿ. ದಡಕ್ಕೆ ತಂದೆ."

"ಅದಕ್ಕೆ ಮುಂಚೆ?"

"ಇಲ್ಲ ಸಾಮಿ."

ಯಶಸ್ವಿನಿ ಅವನ ಹೆಸರು ಹಿಡಿದು ಕರೆದಳು. ಅವನು ನೆಲ ನೋಡುತ್ತಲೇ ನಿಂತಿದ್ದ. ಅವನ ಹೆಂಡತಿಯೂ ಮಗಳೂ ಶೀಟಿನ ಮನೆಯ ಬಾಗಿಲಲ್ಲಿ ನಿಂತು ಇತ್ತ ನೋಡುತ್ತಿದ್ದರು. ಅವನನ್ನು ಬೈಯಲು ಬಂದ ಮಾತು ಅವಳ ಬಾಯಲ್ಲೇ ಉಳಿಯಿತು.

ಅಧಿಕಾರಿ ಧರ್ಮಪ್ಪನವರಿಗೆ ಒಂದು ಸಲಹೆ ಕೊಟ್ಟು ಹೊರಟರು. ಮಾಸ್ತಿ ಎಂದಾಗಲಿ ಸತಿ ಎಂದಾಗಲಿ ಬರೆಸಬೇಡಿ, ಖಾಸಗಿ ಜಾಗದಲ್ಲಿ ಸ್ಮಾರಕ ಎಂದರೆ ಯಾರೂ ಕೇಳುವುದಿಲ್ಲ. ಧರ್ಮಪ್ಪ ಹಾಗೇ ಮಾಡಿದರು. ಕಲ್ಲಿನ ಬುಡದಲ್ಲಿ 'ಪತಿವಿಯೋಗ ತಾಳಲಾರದೆ ಜಲಸಮಾಧಿ ಹೊಂದಿದ ಸ್ಪಂದನಾ' ಎಂದು ಕೆತ್ತಿಸಿದರು. ಊರಿನವರು ಮಾತ್ರ ಮೊದಲ ದಿನದಿಂದಲೇ ಅದನ್ನು ಮಾಸ್ತಿಯಮ್ಮ ಎಂದರು.

ಕಲ್ಲು ನಿಂತ ಸುದ್ದಿ ಹಬ್ಬಿತು. ಸಿಗಂದೂರಿಗೆ ಹೋಗುವವರ ಗಾಡಿಗಳು ಕೆಲವು ಇತ್ತ ತಿರುಗಿದವು. ಗಂಡನಿಗೆ ಕಾಯಿಲೆಯಾದವರು, ಮದುವೆ ನಿಂತುಹೋದವರು ಬಂದು ಹರಕೆ ಹೊತ್ತು ಆ ಕೈಗೆ ಗಾಜಿನ ಬಳೆ ತೊಡಿಸತೊಡಗಿದರು. ಕಲ್ಲಿನ ಬಳೆಯ ಮೇಲೆ ಗಾಜಿನ ಬಳೆ. ಹೊಂದದಿದ್ದವನ್ನು ದಾರದಲ್ಲಿ ಪೋಣಿಸಿ ಕಟ್ಟಿದರು. ಯಾರೋ ಫೋನಿನಲ್ಲಿ ತೆಗೆದ ಫೋಟೊ ಯಶಸ್ವಿನಿಯ ಶಾಲೆಯ ಶಿಕ್ಷಕಿಯರ ಗ್ರೂಪಿಗೂ ಬಂತು, ಕೈಮುಗಿದ ಗುರುತುಗಳ ಜೊತೆ. ತಂಗಿಯೆಂದು ಗೊತ್ತಿದ್ದವರು, "ನಿಮ್ಮ ಪುಣ್ಯ," ಎಂದರು.

ತುಂಗಮ್ಮ ಆ ಫೋಟೊವನ್ನು ಸ್ಟುಡಿಯೊದಲ್ಲಿ ದೊಡ್ಡದು ಮಾಡಿಸಿ ದೇವರ ಮಾಡಿನಲ್ಲಿ ಇಟ್ಟರು. ಶಾಲೆಯಿಂದ ಬಂದ ಯಶಸ್ವಿನಿ ಅದನ್ನು ತೆಗೆದು ಮಂಚದ ಮೇಲೆ ಮಗುಚಿ ಹಾಕಿದಳು.

"ಅಮ್ಮ, ನಿಂಗೆ ಎಲ್ಲ ಹೇಳಿದೀನಿ. ದುಗ್ಗಪ್ಪ ಎಂತ ಹೇಳ್ದ ಅಂತ ಹೇಳಿದೀನಿ. ಆದ್ರೂ ಇದನ್ನ ತಂದಿಡ್ತೀಯಲ್ಲ."

"ಇಡ್ತೀನಿ. ಜನ ನನ್ನ ಮಗಳಿಗೆ ಕೈಮುಗೀತಾರೆ."

"ಅವಳು ಓಡಿಬರ್ತಿದ್ಲು. ಆ ಮನೆಯಿಂದ."

"ಓಡಿಬರ್ತಿದ್ಲು ಅಂತ ಊರಿಗೆಲ್ಲ ಹೇಳ್ಲಾ? ಒಬ್ಬಳು ಮದುವೆ ಬೇಡ ಅಂತ ಮನೇಲಿದಾಳೆ, ಇನ್ನೊಬ್ಬಳು ಗಂಡ ಸತ್ತು ವರ್ಷ ತುಂಬೋದ್ರೊಳಗೆ ಮನೆ ಬಿಟ್ಟು ಹೊರಟ್ಲು ಅಂತ ಹೇಳ್ಲಾ?" ತುಂಗಮ್ಮ ಫೋಟೊವನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದರು. "ಹೊರಡೋ ಹಿಂದಿನ ದಿನ ನಂಗೂ ಫೋನ್ ಮಾಡಿದ್ಲು. ನೀನು ಪೇಟೆಗೆ ಹೋಗಿದ್ದೆ. ಬರ್ಬೇಡ ಅಂದೆ. ಈ ಮನೆಗೆ ಬರ್ಬೇಡ, ಅಲ್ಲೇ ಹೊಂದ್ಕಂಡು ಇರು, ಇಲ್ಲಿ ಜಾಗ ಇಲ್ಲ ಅಂದೆ. ನನ್ನ ಮಾತು ಕೇಳಿದ್ರೆ ಬದುಕಿರ್ತಿದ್ಲು."

ಯಶಸ್ವಿನಿ ಮಂಚದ ತುದಿಯಲ್ಲಿ ಕೂತಳು.

"ನೀನು ಬಾ ಅಂದಿ," ಎಂದರು ತುಂಗಮ್ಮ. "ಕೆಲಸ ನೋಡಿದೀನಿ ಬಾ ಅಂದಿ. ಅವಳು ದೋಣಿ ಹತ್ತಿದ್ಲು. ಹತ್ತಿಸಿದ್ದು ಯಾರು?"

ತುಂಗಮ್ಮ ಫೋಟೊವನ್ನು ಮತ್ತೆ ಮಾಡಿನಲ್ಲಿ ಇಟ್ಟು ಊದುಬತ್ತಿ ಹಚ್ಚಿದರು. ಆಮೇಲೆ ವಾರಗಟ್ಟಲೆ ಮನೆಯಲ್ಲಿ ಊಟಕ್ಕೆ ಬಾ, ಗ್ಯಾಸ್ ಮುಗಿದಿದೆ, ಇಷ್ಟೇ ಮಾತು.

ವರ್ಷ ತುಂಬುವ ದಿನಕ್ಕೆ ಧರ್ಮಪ್ಪ ಜೀಪು ಕಳಿಸಿದರು. ತುಂಗಮ್ಮನಿಗೆ ಮಂಡಿನೋವು, ಒಬ್ಬರೇ ಹತ್ತಿ ಇಳಿಯುವಂತಿರಲಿಲ್ಲ. "ನೀನು ಬರ್ದಿದ್ರೂ ಹೋಗ್ತೀನಿ," ಎಂದರು. ಯಶಸ್ವಿನಿ ಜೀಪು ಹತ್ತಿದಳು.

ದಂಡೆಯ ಮೇಲೆ ಶಾಮಿಯಾನ ಹಾಕಿದ್ದರು. ಮೈಕು, ಹೂವು, ಬಳೆಯ ರಾಶಿ, ಸಾಲಿನಲ್ಲಿ ನಿಂತ ಹೆಂಗಸರು. ಅವಳು ಕಲ್ಲನ್ನು ನಿಂತದ್ದಾಗಿ ನೋಡಿದ್ದು ಅದೇ ಮೊದಲು. ಗಾಜಿನ ಬಳೆಗಳ ಭಾರದಲ್ಲಿ ಕೈಯೇ ಕಾಣುತ್ತಿರಲಿಲ್ಲ, ಬೆರಳುಗಳ ತುದಿ ಮಾತ್ರ ಕಾಣುತ್ತಿತ್ತು. ಧರ್ಮಪ್ಪ ಎದುರು ಬಂದು ತುಂಗಮ್ಮನ ಕೈ ಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದರು. ಶ್ರೀಗೌರಿ ಪಾನಕದ ತಟ್ಟೆ ಹಿಡಿದು ಓಡಾಡುತ್ತಿದ್ದಳು. ದುಗ್ಗಪ್ಪ ದೂರದಲ್ಲಿ ದೋಣಿಯ ಹತ್ತಿರ ನಿಂತಿದ್ದ, ಹತ್ತಿರ ಬರಲಿಲ್ಲ.

ಮಂಗಳಾರತಿಗೆ ಮುಂಚೆ ಧರ್ಮಪ್ಪ ಮೈಕು ಹಿಡಿದು ಸೊಸೆಯ ಗುಣ ಹೇಳಿದರು. ಆಮೇಲೆ, "ಅಮ್ಮನ ಒಡಹುಟ್ಟಿದ ಅಕ್ಕ ಬಂದಿದಾರೆ, ಟೀಚರ್ ಅವ್ರು. ಎರಡು ಮಾತು ಹೇಳ್ತಾರೆ," ಎಂದು ಮೈಕನ್ನು ಅವಳ ಮುಂದೆ ಹಿಡಿದರು. ಅಷ್ಟು ಜನರ ಎದುರಿಗೆ ಅವಳು ಏನೂ ಹೇಳಲಾರಳು ಎಂದು ಅವರಿಗೆ ನಂಬಿಕೆಯಿತ್ತು.

ಯಶಸ್ವಿನಿ ಎದ್ದು ನಿಂತಳು.

"ನನ್ನ ತಂಗಿ ಅವತ್ತು ಸಾಗರಕ್ಕೆ ಹೊರಟಿದ್ಲು," ಎಂದಳು. "ಸೋಮವಾರ ಕೆಲಸಕ್ಕೆ ಸೇರೋಳಿದ್ಲು. ಸಾಯಕ್ಕೆ ಹೊರಟಿರ್ಲಿಲ್ಲ. ದೋಣಿ ಮಗುಚ್ತು. ಅವಳು ಕೈ ಎತ್ತಿದ್ದು ಹರಸಕ್ಕಲ್ಲ, ಕಾಪಾಡಿ ಅಂತ."

ವರ್ಷದಿಂದ ಅಳದಿದ್ದದ್ದೆಲ್ಲ ಒಂದೇ ಸಲ ಮೇಲೆ ಬಂದು ಮೈ ಅದುರತೊಡಗಿತು. ನಿಲ್ಲಿಸಲು ನೋಡಿದಳು, ಆಗಲಿಲ್ಲ. ಮಾತು ತುಂಡಾಗಿ, ಬೇರೆ ಯಾರದೋ ದನಿಯಂತೆ ಹೊರಬಂತು.

"ಬದುಕ್ಬೇಕಿತ್ತು... ಬದುಕ್ಬೇಕಿತ್ತು. ಈ ಬಳೆ ಬೇಡ. ತೆಗೀರಿ. ತೆಗೀರಿ ಇದನ್ನ."

ಮುಂದಿನ ಸಾಲಿನ ಮುದುಕಿಯೊಬ್ಬಳು ಎದ್ದು ಎರಡೂ ಕೈ ಮುಗಿದಳು. "ಅಮ್ಮ ಬಂದಿದಾಳೆ," ಎಂದಳು. "ಅಕ್ಕನ ಮೈಮೇಲೆ ಬಂದಿದಾಳೆ."

ಆ ಮಾತು ಸಾಲಿನಿಂದ ಸಾಲಿಗೆ ಹೋಯಿತು. ಹೆಂಗಸರು ಎದ್ದರು. ಯಾರೋ ಅವಳ ಹಣೆಗೆ ಭಂಡಾರ ಹಚ್ಚಿದರು, ಯಾರೋ ತಲೆಯ ಮೇಲೆ ನೀರು ಚಿಮುಕಿಸಿದರು. "ನಾನು ಯಶಸ್ವಿನಿ," ಎಂದು ಅವಳು ಹೇಳಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಮುಖ ಕಪ್ಪಿಟ್ಟು ನಿಂತಿದ್ದ ಧರ್ಮಪ್ಪ ಒಂದು ಗಳಿಗೆ ಜನರನ್ನು ನೋಡಿದರು. ಆಮೇಲೆ ಕೈಮುಗಿದು ಅವಳ ಮುಂದೆ ಬಾಗಿದರು.

"ಎಂತ ತಪ್ಪಾಯ್ತು ಹೇಳು ತಾಯಿ," ಎಂದರು. ಜನರ ಕಡೆ ತಿರುಗಿ ಮೈಕಿನಲ್ಲಿ, "ಗಾಜಿನ ಬಳೆ ಬೇಡ ಅಂತಿದಾಳೆ ಅಮ್ಮ. ಬರೋ ವರ್ಷದೊಳಗೆ ಬೆಳ್ಳೀದು ಮಾಡಿಸ್ತೀವಿ ಅಂತ ನಾನು ಮಾತು ಕೊಡ್ತೀನಿ," ಎಂದರು. ಜನ ಜಯಕಾರ ಹಾಕಿದರು.

ಯಶಸ್ವಿನಿ ಸುತ್ತಲೂ ನೋಡಿದಳು. ತಟ್ಟೆ ಹಿಡಿದ ಶ್ರೀಗೌರಿಯ ಕಣ್ಣಿಗೆ ಕಣ್ಣು ಸಿಕ್ಕಿತು. ಕೇಳಿದ್ದು ಏನೆಂದು ಅವಳಿಗೆ ಅರ್ಥವಾಗಿತ್ತು, ಮುಖವೇ ಹೇಳುತ್ತಿತ್ತು. ಪಕ್ಕದಲ್ಲಿದ್ದ ಅತ್ತೆ ಅವಳ ಮೊಣಕೈ ಮುಟ್ಟಿದರು. ಶ್ರೀಗೌರಿ ತಟ್ಟೆಯನ್ನು ಕೆಳಗಿಟ್ಟು ಕೈಮುಗಿದಳು.

ಆಗ ಹೆಂಗಸರನ್ನು ಸರಿಸಿಕೊಂಡು ತುಂಗಮ್ಮ ಬಂದರು. ಮಂಡಿ ಮಡಿಸಲಾಗದವರು ಹೇಗೋ ನೆಲಕ್ಕೆ ಕುಸಿದು ಯಶಸ್ವಿನಿಯ ಎರಡೂ ಪಾದಗಳನ್ನು ಹಿಡಿದುಕೊಂಡರು.

"ಸ್ಪಂದನಾ," ಎಂದರು. "ಬರ್ಬೇಡ ಅಂದಿದ್ದೆ ಕಣೆ. ಜಾಗ ಇಲ್ಲ ಅಂದಿದ್ದೆ. ನಿನಗೆ ಆ ಬಸ್ಸಿಗೆ ಹೋಗಕ್ಕೂ ಕದ್ದು ಹೋಗೋ ಹಂಗಾಯ್ತಲ್ಲ. ನಾನು ಬಾ ಅಂದಿದ್ರೆ ಸುರೇಂದ್ರನ ಅಪ್ಪನ ಎದುರಿಗೇ ಹೊರಟು ಬರ್ತಿದ್ದೆ ನೀನು. ನಂಗೆ ನಿದ್ದೆ ಇಲ್ಲ ಕಣೆ. ಒಂದು ಮಾತು ಹೇಳು."

ತುಂಗಮ್ಮ ಮುಖ ಎತ್ತಿ ನೋಡಿದರು. ಆ ಕಣ್ಣುಗಳು ಯಶಸ್ವಿನಿಯನ್ನು ನೋಡುತ್ತಿರಲಿಲ್ಲ. ನಾನಲ್ಲ ಅಮ್ಮ, ಎಂದು ಹೇಳಲು ಅವಳು ಬಾಯಿ ತೆರೆದಳು. ಜನ ಕಾದಿದ್ದರು. ಮೈಕು ಇನ್ನೂ ಹತ್ತಿರದಲ್ಲೇ ಇತ್ತು.

"ಏಳಮ್ಮ," ಎಂದಳು. "ನೆಲ ಕಾದಿದೆ. ಏಳು."

ತುಂಗಮ್ಮ ಅವಳ ಪಾದಗಳ ಮೇಲೆ ಹಣೆಯಿಟ್ಟು ಗಟ್ಟಿಯಾಗಿ ಅತ್ತರು. ಮಂಗಳಾರತಿ ಶುರುವಾಯಿತು.

ಸಂಜೆಯೊಳಗೆ ಅದೇ ಜೀಪು ಅವರನ್ನು ವಾಪಸು ಬಿಡಲು ಹೊರಟಿತು. ನಗರ ದಾಟುವವರೆಗೆ ತುಂಗಮ್ಮ ಮಗಳ ಹೆಗಲಿಗೆ ಒರಗಿ ನಿದ್ದೆ ಮಾಡಿದರು, ಬಾಯಿ ತೆರೆದುಕೊಂಡು, ಮಗುವಿನಂತೆ. ಹೊಸನಗರದ ಪೇಟೆಯಲ್ಲಿ ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಡಲು ಜೀಪು ನಿಂತಾಗ ಎಚ್ಚರವಾಯಿತು. ಸೆರಗು ಸರಿಮಾಡಿಕೊಂಡು ಮಗಳ ಮುಖ ನೋಡಿದರು. ಭಂಡಾರ ಇನ್ನೂ ಹಣೆಯ ಮೇಲೆ ಇತ್ತು.

"ಯಶು, ಅಲ್ಲಿ ನೀನು ಎಂತ ಹೇಳ್ದಿ ಅಂತ ನೆನಪಿದ್ಯಾ?"

ಮುಂದಿನ ಸೀಟಿನ ಡ್ರೈವರ್ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ.

"ಇಲ್ಲ," ಎಂದಳು ಯಶಸ್ವಿನಿ.